ಒಂದೇ ಸಿಡಿಲಿಗೆ ಎರಡು ಪ್ರತಿ

ಏಪ್ರಿಲ್ ಕೊನೆಯ ಸಂಜೆ. ಘಟ್ಟದ ಕಡೆ ಮೋಡ ಕಟ್ಟಿ, ಗಾಳಿ ಪೂರ್ತಿ ನಿಂತುಹೋಗಿತ್ತು. ಮೊದಲ ಗುಡುಗಿಗೇ ಕರಾವಳಿಯ ಪ್ರತಿ ಮನೆಯಲ್ಲೂ ಒಬ್ಬರು ಟಿ.ವಿ. ಪ್ಲಗ್ ಕೀಳಲು ಓಡುತ್ತಾರೆ. ಉಡುಪಿ ಸಮೀಪದ ನಮ್ಮ ಮನೆಯಲ್ಲಿ ಆ ಕೆಲಸ ಅಮ್ಮನದು. ಟಿ.ವಿ., ಫ್ರಿಜ್, ಪಂಪಿನ ಸ್ವಿಚ್ಚು ಎಲ್ಲವೂ ಆಯಿತು. ಕಂಪ್ಯೂಟರನ್ನು ಮಾತ್ರ ನಾನು ಮುಟ್ಟಲು ಬಿಡಲಿಲ್ಲ. ಹಳೆಯ ಫೋಟೋಗಳ ಪ್ರತಿ ತೆಗೆಯುತ್ತಿದ್ದೆ, ಯುಪಿಎಸ್ ಇದೆಯಲ್ಲ ಎಂಬ ಧೈರ್ಯವೂ ಇತ್ತು. ಸಿಡಿಲು ಬಿದ್ದದ್ದು ನಮ್ಮ ಮನೆಗಲ್ಲ, ಪಕ್ಕದ ಹಿತ್ತಿಲಿನ ತೆಂಗಿನ ಮರಕ್ಕೆ. ಆಘಾತ ಬಂದದ್ದು ಕರೆಂಟಿನ ತಂತಿಯಿಂದಲೂ ಅಲ್ಲ, ಇಂಟರ್‌ನೆಟ್ಟಿಗೆಂದು ಎಳೆದಿದ್ದ ಟೆಲಿಫೋನಿನ ತಾಮ್ರದ ತಂತಿಯಿಂದ. ಮೋಡೆಮ್, ಕಂಪ್ಯೂಟರ್, ಅದಕ್ಕೆ ಸಿಕ್ಕಿಸಿದ್ದ ಹಾರ್ಡ್ ಡಿಸ್ಕ್ ಮೂರೂ ಸಾಲಾಗಿ ಸತ್ತವು.

ಸಿಡಿಲಿನ ಒಂದು ಹೊಡೆತದಲ್ಲಿ ಸಾಮಾನ್ಯವಾಗಿ 30,000 ಆಂಪಿಯರ್‌ನಷ್ಟು ವಿದ್ಯುತ್ತು ಕ್ಷಣದ ಲಕ್ಷಾಂಶಗಳಲ್ಲಿ ಏರಿ ಇಳಿಯುತ್ತದೆ. ಅಷ್ಟು ವೇಗವಾಗಿ ಬದಲಾಗುವ ಕಾಂತಕ್ಷೇತ್ರ ಹತ್ತಿರದ ಯಾವ ಉದ್ದ ತಂತಿಯಲ್ಲಾದರೂ ವೋಲ್ಟೇಜು ಹುಟ್ಟಿಸುತ್ತದೆ, ನೇರ ಬಡಿತವೇ ಬೇಕಿಲ್ಲ. ಬೇಸಿಗೆಯಲ್ಲಿ ನಮ್ಮ ಮುರಕಲ್ಲಿನ ನೆಲ ಒಣಗಿರುವುದರಿಂದ ಹೆಚ್ಚಿನ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿಯೂ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಗುಂಡಿಗೆ ನೀರು ಹಾಕು ಎಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ನಾನು ಅಜಾಗರೂಕನೇನೂ ಆಗಿರಲಿಲ್ಲ. ಫೋಟೋ, ವಿಡಿಯೋ, ಅಜ್ಜಿ ಹಾಡಿದ್ದ ಪಾಡ್ದನದ (ತುಳುವಿನ ಜನಪದ ಕಥನಗೀತೆ) ನಲವತ್ತು ನಿಮಿಷದ ಧ್ವನಿಮುದ್ರಣ, ಎಲ್ಲದಕ್ಕೂ ಎರಡೆರಡು ಪ್ರತಿ ಇತ್ತು. ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ಹೊರಗಿನ ಡಿಸ್ಕಿನಲ್ಲಿ. ಲೆಕ್ಕಕ್ಕೆಂದು ಒಂದು ಡಿಸ್ಕು ವರ್ಷದೊಳಗೆ ಕೆಡುವ ಸಂಭವ ನೂರಕ್ಕೆ ಎರಡು ಎಂದಿಟ್ಟುಕೊಳ್ಳಿ. ಎರಡೂ ಒಂದೇ ವರ್ಷ ಕೆಡುವ ಸಂಭವ ಎರಡನ್ನೂ ಗುಣಿಸಿದಷ್ಟು, ಅಂದರೆ 2,500ರಲ್ಲಿ ಒಂದು. ನೆಮ್ಮದಿಯಾಗಿ ನಿದ್ದೆ ಮಾಡಬಹುದಾದ ಸಂಖ್ಯೆ. ಆದರೆ ಗುಣಾಕಾರಕ್ಕೆ ಒಂದು ಷರತ್ತಿದೆ: ಒಂದರ ಸಾವಿಗೂ ಇನ್ನೊಂದರ ಸಾವಿಗೂ ಸಂಬಂಧ ಇರಬಾರದು. ಒಂದೇ ಮೇಜಿನ ಮೇಲೆ, ಒಂದೇ ತಂತಿಯ ತುದಿಯಲ್ಲಿ ಕುಳಿತ ಎರಡು ಡಿಸ್ಕುಗಳ ನಡುವೆ ಆ ಷರತ್ತು ಇರುವುದೇ ಇಲ್ಲ. ಅಲ್ಲಿ ಎರಡು ಪ್ರತಿ ಎಂದರೆ ಒಂದೇ ಪ್ರತಿ.

ದೊಡ್ಡವರೂ ಇಲ್ಲೇ ಎಡವಿದ್ದಾರೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಹೆಚ್ ಕಂಪೆನಿಯ ಡೇಟಾ ಕೇಂದ್ರಕ್ಕೆ ಬೆಂಕಿ ಬಿತ್ತು. ಬ್ಯಾಕಪ್ ಇದೆಯೆಂದು ನಂಬಿದ್ದ ಕೆಲವು ಗ್ರಾಹಕರಿಗೆ ಬೂದಿ ಆರಿದ ಮೇಲೆ ತಿಳಿದದ್ದು, ಬ್ಯಾಕಪ್ಪೂ ಅದೇ ಆವರಣದಲ್ಲಿತ್ತು ಎಂದು. ನಮ್ಮಲ್ಲಿ ಬೆಂಕಿಗಿಂತ ನೀರಿನ ಭಯ ಹೆಚ್ಚು. 2020ರ ಸೆಪ್ಟೆಂಬರಿನಲ್ಲಿ ಉಡುಪಿಯ ತಗ್ಗಿನ ಮನೆಗಳಿಗೆ ನೆರೆ ನುಗ್ಗಿದಾಗ ಕಪಾಟಿನ ಕೆಳಗಿನ ಅರೆಯಲ್ಲಿದ್ದ ಕಾಗದಪತ್ರವನ್ನೂ ಲ್ಯಾಪ್‌ಟಾಪನ್ನೂ ನೀರು ಬೇರೆ ಬೇರೆಯಾಗಿ ನೋಡಲಿಲ್ಲ.

ಸತ್ತ ಡಿಸ್ಕನ್ನು ಬದುಕಿಸಬಹುದೆಂದು ಮೊದಲ ಒಂದು ವಾರ ನಂಬಿದ್ದೆ. ಕೆಳಗಿನ ಹಸಿರು ಸರ್ಕಿಟ್ ಬೋರ್ಡ್ ತಾನೇ ಸುಟ್ಟಿರುವುದು, ಅದೇ ಮಾದರಿಯ ಇನ್ನೊಂದು ಡಿಸ್ಕಿನಿಂದ ಬಿಚ್ಚಿ ಜೋಡಿಸಿದರಾಯಿತು ಎಂಬುದು ನನ್ನ ಯೋಜನೆ. ಮಂಗಳೂರಿನಲ್ಲಿ ರಿಪೇರಿ ಮಾಡುವವರೊಬ್ಬರು ನಕ್ಕರು. ಈಗಿನ ಡಿಸ್ಕುಗಳ ಬೋರ್ಡಿನಲ್ಲಿ ಒಂದು ಪುಟ್ಟ ಚಿಪ್ ಇರುತ್ತದೆ, ಕಾರ್ಖಾನೆಯಲ್ಲಿ ಆ ಒಂದು ಡಿಸ್ಕಿಗೆಂದೇ ಅಳೆದು ಬರೆದ ಹೊಂದಾಣಿಕೆಯ ಅಂಕಿಗಳು ಅದರಲ್ಲಿರುತ್ತವೆ. ಅವಳಿ ಡಿಸ್ಕಿನ ಬೋರ್ಡೂ ಹೊಂದುವುದಿಲ್ಲ. ಒಳಗೆ ನಿಮಿಷಕ್ಕೆ 5,400 ಸಲ ತಿರುಗುವ ತಟ್ಟೆಯ ಮೇಲೆ ಓದುವ ಹೆಡ್ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ಒಂದು ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೊಮೀಟರ್. ಅಂಥ ಜಾಗಕ್ಕೆ ಸ್ಕ್ರೂಡ್ರೈವರ್ ಹಿಡಿದು ಹೋಗುವ ಧೈರ್ಯ ನನ್ನದು! ಕೊನೆಗೆ ದೂರದ ಪ್ರಯೋಗಾಲಯಕ್ಕೆ ಕಳಿಸಿದೆ. ಹೆಡ್‌ಗಳ ಪಕ್ಕದ ಸಣ್ಣ ಚಿಪ್ಪೂ ಸುಟ್ಟಿದೆ ಎಂಬ ಚೀಟಿಯೊಡನೆ ಅದು ಹಾಗೆಯೇ ಮರಳಿತು.

ಫೋಟೋಗಳಲ್ಲಿ ಸುಮಾರು ಅರ್ಧ ಸಿಕ್ಕಿದವು, ಮುಂಬಯಿಯ ಅತ್ತೆಯ ಮೊಬೈಲಿನಲ್ಲಿ. ವರ್ಷಗಳಿಂದ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ ಒಂದನ್ನೂ ಅತ್ತೆ ಅಳಿಸಿರಲಿಲ್ಲ. ಮೆಮೊರಿ ತುಂಬಿದೆ ಎಂದು ಮಕ್ಕಳು ಗದರಿದರೂ ಕೇಳಿರಲಿಲ್ಲ. ವಾಟ್ಸ್‌ಆ್ಯಪ್ ಚಿತ್ರವನ್ನು ಹಿಂಡಿ ಕಳಿಸುವುದರಿಂದ ಅವು ಕಿರಿದಾಗಿದ್ದವು, ಆದರೂ ಮುಖ ಗುರುತು ಹಿಡಿಯಬಹುದಿತ್ತು. ಅಜ್ಜಿಯ ಪಾಡ್ದನವನ್ನು ಮಾತ್ರ ನಾನು ಯಾರಿಗೂ ಕಳಿಸಿರಲಿಲ್ಲ. ಫೈಲು ದೊಡ್ಡದಾಗಿತ್ತು.

ಅತ್ತೆಯ ಮೊಬೈಲಿಗೆ ನನ್ನ ಮೇಜಿನ ಯಾವ ಕೇಡೂ ತಟ್ಟುವಂತಿರಲಿಲ್ಲ. ಬೇರೆ ಊರು, ಬೇರೆ ಯಂತ್ರ, ಬೇರೆ ಕೈ. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರ ಹೇಳುವುದೂ ಇದನ್ನೇ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ. ಸೂತ್ರ ಬಾಯಿಪಾಠ ಮಾಡುವವರು ಸಂಖ್ಯೆಯನ್ನೇ ಹಿಡಿದು ಕೂರುತ್ತಾರೆ. ನಾನು ಈಗ ಎಣಿಸುವುದು ಪ್ರತಿಗಳನ್ನಲ್ಲ, ಅವು ಸಾಯಬಹುದಾದ ಬಗೆಗಳನ್ನು.

ಎರಡು ಬಗೆಯ ಸಾಧನ ಏಕೆಂದರೆ ಒಂದೊಂದರ ಮುಪ್ಪು ಒಂದೊಂದು ತೆರ. ಹಾರ್ಡ್ ಡಿಸ್ಕಿಗೆ ಬೀಳುವ ಭಯ, ತೇವದ ಭಯ. ಪೆನ್‌ಡ್ರೈವ್, ಮೆಮೊರಿ ಕಾರ್ಡ್, ತಿರುಗುವ ತಟ್ಟೆಯಿಲ್ಲದ ಡಿಸ್ಕುಗಳಾದ ಎಸ್‌ಎಸ್‌ಡಿಗಳಲ್ಲಿರುವ ಫ್ಲಾಷ್ ಮೆಮೊರಿಗೆ ಬೀಳುವ ಭಯವಿಲ್ಲ, ಮರೆವಿನ ಭಯವಿದೆ. ತೋಷಿಬಾದ ಎಂಜಿನಿಯರ್ ಫುಜಿಯೊ ಮಸುಒಕಾ 1984ರಲ್ಲಿ ಜಗತ್ತಿನ ಮುಂದಿಟ್ಟ ಈ ವಿಧಾನದಲ್ಲಿ ಮಾಹಿತಿ ಎಂದರೆ ಸುತ್ತಲೂ ನಿರೋಧಕ ಪದರದಿಂದ ಮುಚ್ಚಿದ ಸಣ್ಣ ಕೋಶದಲ್ಲಿ ಕೂಡಿಟ್ಟ ಎಲೆಕ್ಟ್ರಾನುಗಳು. ಮಣ್ಣಿನ ಹೂಜಿಯಲ್ಲಿ ನೀರಿಟ್ಟಂತೆ ಅವು ನಿಧಾನವಾಗಿ ಜಿನುಗುತ್ತವೆ, ಸೆಕೆ ಹೆಚ್ಚಿದಷ್ಟೂ ಬೇಗ. ಹೂಜಿಯಲ್ಲಿ ನೀರು ಇದೆಯೋ ಇಲ್ಲವೋ ಎಂದಷ್ಟೇ ನೋಡಬೇಕಿದ್ದರೆ ಸ್ವಲ್ಪ ಜಿನುಗಿದರೂ ನಡೆಯುತ್ತಿತ್ತು. ಆದರೆ ಈಗಿನ ಅಗ್ಗದ ಚಿಪ್ಪುಗಳಲ್ಲಿ ಒಂದೇ ಕೋಶದಲ್ಲಿ ನಾಲ್ಕು ಬಿಟ್ (ಸೊನ್ನೆ ಅಥವಾ ಒಂದು ಎಂಬ ಮಾಹಿತಿಯ ಕಣ) ತುಂಬುತ್ತಾರೆ, ಅಂದರೆ ಹೂಜಿಯ ಮೇಲೆ ಹದಿನಾರು ಗೆರೆ. ಒಂದು ಗೆರೆಯಷ್ಟು ಇಳಿದರೂ ಓದು ತಪ್ಪುತ್ತದೆ. ಉದ್ಯಮದ ಮಾನದಂಡದ ಪ್ರಕಾರ ಮನೆಬಳಕೆಯ ಎಸ್‌ಎಸ್‌ಡಿ, ಬರೆಸಿಕೊಳ್ಳುವ ಆಯುಷ್ಯ ಪೂರ್ತಿ ಸವೆದ ಮೇಲೂ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರೆಂಟಿಲ್ಲದೆ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕು. ಹೊಸದು ಇದಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ, ಹೆದರಬೇಕಿಲ್ಲ. ಆದರೆ ಮದುವೆಯ ವಿಡಿಯೋ ತುಂಬಿದ ಪೆನ್‌ಡ್ರೈವನ್ನು ಕಪಾಟಿನಲ್ಲಿಟ್ಟು ಹದಿನೈದು ವರ್ಷ ಮರೆಯುವುದನ್ನು ನಾನು ಉಳಿತಾಯ ಎನ್ನಲಾರೆ.

ಹಾಗಿದ್ದರೆ ಎಲ್ಲವೂ ಕ್ಲೌಡ್‌ನಲ್ಲಿ ಇದೆಯಲ್ಲ ಎನ್ನುತ್ತೀರಿ. ಇರಲಿ, ನಾನೂ ಬಳಸುತ್ತೇನೆ. ಆದರೆ ಮೊಬೈಲಿಗೂ ಕ್ಲೌಡ್‌ಗೂ ನಡುವೆ ನಡೆಯುವುದು ಬಹುಪಾಲು ಕನ್ನಡಿಯ ಕೆಲಸ. ಇಲ್ಲಿ ಮಗು ಆಟವಾಡುತ್ತ ಒಂದು ಆಲ್ಬಮ್ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಗೂಗಲ್ ಫೋಟೋಸ್ ಅಳಿಸಿದ್ದನ್ನು ಕಸದಬುಟ್ಟಿಯಲ್ಲಿ 60 ದಿನ ಇಟ್ಟುಕೊಳ್ಳುತ್ತದೆ, ಆಮೇಲೆ ಇಲ್ಲ. ಎರಡು ವರ್ಷ ಯಾರೂ ಬಳಸದ ವೈಯಕ್ತಿಕ ಖಾತೆಯನ್ನೇ ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ತಂದಿತು. ತೀರಿಕೊಂಡ ಹಿರಿಯರ ಖಾತೆಗಳ ಗತಿ ಇದೇ. ಅವರ ಮೊಬೈಲ್ ನಂಬರಿಗೆ ರೀಚಾರ್ಜ್ ನಿಲ್ಲಿಸಿದರೆ ಅದು ಕಾಲಕ್ರಮದಲ್ಲಿ ಬೇರೆಯವರ ಪಾಲಾಗುತ್ತದೆ, ಒಟಿಪಿ ಅಲ್ಲಿಗೆ ಹೋಗುತ್ತದೆ. ಖಾತೆಗಳು ಕೊಡುವ ತುರ್ತು ಸಂಕೇತಗಳನ್ನು ಕಾಗದದ ಮೇಲೆ ಬರೆದು ಜಮೀನಿನ ಪತ್ರಗಳ ಜೊತೆ ಇಡುವುದು ಹಳೆಯ ಕಾಲದ ಬುದ್ಧಿಯಂತೆ ಕಂಡರೂ ಇದಕ್ಕಿಂತ ಒಳ್ಳೆಯದು ನನಗೆ ತೋಚಿಲ್ಲ.

ಇನ್ನು ಕಳ್ಳರು. 2017ರ ಮೇ ತಿಂಗಳಿನಲ್ಲಿ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಥವು ಕಂಪ್ಯೂಟರಿಗೆ ಸಿಕ್ಕಿಸಿದ್ದ ಡಿಸ್ಕನ್ನೂ ಬಿಡುವುದಿಲ್ಲ. ಇದಕ್ಕೆ ಮದ್ದು ನಮ್ಮ ಅಮ್ಮಂದಿರಿಗೆ ಗೊತ್ತಿದೆ: ಪ್ಲಗ್ ಕೀಳುವುದು. ಪ್ರತಿ ತೆಗೆದಾಯಿತೇ, ಡಿಸ್ಕು ಬಿಚ್ಚಿ ಬೇರೆ ಇಡಿ. ಬಿಚ್ಚಿಟ್ಟದ್ದಕ್ಕೆ ಸಿಡಿಲೂ ಇಲ್ಲ, ಕಳ್ಳನೂ ಇಲ್ಲ.

ಪ್ರತಿ ಮಾಡುವುದರಲ್ಲಿ ಈ ಊರಿಗೆ ಶತಮಾನಗಳ ಪಳಗಿದ ಕೈ ಇದೆ. ಆಚಾರ್ಯ ಮಧ್ವರ ಗ್ರಂಥಗಳನ್ನು ಅವರ ನೇರ ಶಿಷ್ಯ ಹೃಷೀಕೇಶ ತೀರ್ಥರು ತುಳು ಲಿಪಿಯಲ್ಲಿ ಬರೆದ ತಾಳೆಗರಿ ಪಲಿಮಾರು ಮಠದಲ್ಲಿ ಇಂದಿಗೂ ಇದೆ. ಆದರೆ ತಾಳೆಗರಿಗೆ ಈ ಸೆಕೆಯಲ್ಲಿ, ಈ ಹುಳದಲ್ಲಿ ಏಳು ನೂರು ವರ್ಷ ಬಾಳುವ ಅದೃಷ್ಟ ಅಪರೂಪ. ಹೆಚ್ಚಿನ ಕೃತಿಗಳು ನಮ್ಮವರೆಗೆ ಬಂದದ್ದು ಗರಿ ಗಟ್ಟಿಯಿದ್ದುದರಿಂದಲ್ಲ, ಸವೆಯುವ ಮೊದಲೇ ಯಾರೋ ಹೊಸ ಗರಿಗೆ ಎತ್ತಿ ಬರೆದುದರಿಂದ. ಬರೆದು ಮುಗಿಸಿ ಲಿಪಿಕಾರರು ಕೊನೆಯಲ್ಲಿ ಒಂದು ಶ್ಲೋಕ ಸೇರಿಸುತ್ತಿದ್ದರು: ಯಾದೃಶಂ ಪುಸ್ತಕಂ ದೃಷ್ಟ್ವಾ ತಾದೃಶಂ ಲಿಖಿತಂ ಮಯಾ. ಪುಸ್ತಕದಲ್ಲಿ ಹೇಗೆ ಕಂಡೆನೋ ಹಾಗೆ ಬರೆದಿದ್ದೇನೆ, ಶುದ್ಧವೋ ಅಶುದ್ಧವೋ ದೋಷ ನನ್ನದಲ್ಲ ಎಂದು. ಬ್ಯಾಕಪ್ ತಂತ್ರಾಂಶಕ್ಕೆ ಮಾತು ಬಂದರೆ ಅದೂ ಇದನ್ನೇ ಹೇಳುತ್ತದೆ. ಮೂಲದ ಫೈಲು ಸದ್ದಿಲ್ಲದೆ ಕೆಟ್ಟಿದ್ದರೆ ಕೆಟ್ಟದ್ದನ್ನೇ ನಿಷ್ಠೆಯಿಂದ ನಕಲು ಮಾಡುತ್ತದೆ.

ಅದನ್ನು ಹಿಡಿಯಲು ಗಣಿತದ ಒಂದು ಬೆರಳಚ್ಚು ಇದೆ. ಎಸ್‌ಹೆಚ್‌ಎ-256 ಎಂಬ ವಿಧಾನ ಎಷ್ಟೇ ದೊಡ್ಡ ಫೈಲನ್ನೂ ಅರೆದು 64 ಅಕ್ಷರಗಳ ಒಂದು ಸಾಲು ಮಾಡಿಕೊಡುತ್ತದೆ. ಫೈಲಿನ ಒಂದೇ ಒಂದು ಬಿಟ್ ಬದಲಾದರೂ ಸಾಲು ಗುರುತೇ ಸಿಗದಷ್ಟು ಬೇರೆಯಾಗುತ್ತದೆ. ಇಂದಿನ ಬೆರಳಚ್ಚನ್ನು ಬರೆದಿಟ್ಟು ಮುಂದಿನ ವರ್ಷ ಮತ್ತೆ ತೆಗೆದು ಹೋಲಿಸಿದರೆ ಗುಟ್ಟು ಹೊರಬೀಳುತ್ತದೆ. ಇದನ್ನು ಮಾಡಿಕೊಡುವ ಉಚಿತ ತಂತ್ರಾಂಶಗಳು ಬೇಕಾದಷ್ಟಿವೆ.

ನಮ್ಮ ಮನೆಯ ಹೊರಗಿನ ಪ್ರತಿ ಈಗ ಅಧಿಕೃತವಾಗಿಯೇ ಅತ್ತೆಯ ಮನೆಯಲ್ಲಿದೆ. ಉಡುಪಿಯವರಿಗೆ ಮುಂಬಯಿಯಲ್ಲಿ ನೆಂಟರಿಲ್ಲದಿರುವುದು ಅಪರೂಪ, ಅದನ್ನು ಬಳಸಿಕೊಳ್ಳದಿರುವುದು ದಡ್ಡತನ. 500 ಗಿಗಾಬೈಟ್‌ಗಳನ್ನು ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ ಕ್ಲೌಡ್‌ಗೆ ಏರಿಸಲು ಬಿಡುವಿಲ್ಲದೆ ಸುಮಾರು 56 ಗಂಟೆ ಬೇಕು, ನಡುವೆ ಕರೆಂಟು ಹೋಗದಿದ್ದರೆ. ಒಂದು ಟೆರಾಬೈಟಿನ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ಹದಿನೈದು ಗಂಟೆಯ ರೈಲಿನಲ್ಲಿ ಮುಂಬಯಿಗೆ ಹೋದರೆ ವೇಗ ಸೆಕೆಂಡಿಗೆ ಸುಮಾರು 150 ಮೆಗಾಬಿಟ್ ಆಯಿತು, ಚಹಾದ ಖರ್ಚು ಬೇರೆ. ಗಾಳಿಯಾಡದ ಡಬ್ಬಿ, ಒಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ. ಡಿಸ್ಕಿಗೆ ಪಾಸ್‌ವರ್ಡ್ ಹಾಕಬೇಕೇ ಎಂದು ಕೇಳುವವರಿದ್ದಾರೆ. ಬ್ಯಾಂಕಿನ ಕಾಗದಗಳಿದ್ದರೆ ಹಾಕಿ. ಅಜ್ಜ ಅಜ್ಜಿಯರ ಫೋಟೋಗಳಿಗೆ ನಾನು ಹಾಕಿಲ್ಲ. ಕಳ್ಳನಿಗಿಂತ ನನ್ನ ಮರೆವಿನ ಮೇಲೆ ನನಗೆ ಹೆಚ್ಚು ಅನುಮಾನ.

ಎಲ್ಲವನ್ನೂ ಹೀಗೆ ಕಾಯಬೇಕಿಲ್ಲ. ಪಹಣಿ ಮತ್ತೆ ಸಿಗುತ್ತದೆ, ಆಧಾರ್ ಮತ್ತೆ ಇಳಿಸಿಕೊಳ್ಳಬಹುದು, ಸಿನಿಮಾ ಹೋದರೆ ಹೋಯಿತು. ಮತ್ತೆ ಎಲ್ಲಿಯೂ ಸಿಗದಿರುವುದನ್ನು ಮೊದಲು ಬೇರ್ಪಡಿಸಿದರೆ ಗುಡ್ಡ ಬುಟ್ಟಿಯಷ್ಟಾಗುತ್ತದೆ.

ಪರೀಕ್ಷೆಗೆ ನಾವು ಇಟ್ಟುಕೊಂಡ ದಿನ ಪತ್ತನಾಜೆ. ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮನೆಗಳಲ್ಲಿ ಸೌದೆ ಒಳಗೆ ಬಂದು, ಹಪ್ಪಳ ಡಬ್ಬಿ ಸೇರಿರುತ್ತದೆ. ಅಂದು ನಾನು ಇಲ್ಲಿ, ಅತ್ತೆಯ ಮಗ ಅಲ್ಲಿ, ಡಿಸ್ಕು ತೆರೆದು ಕಣ್ಣು ಮುಚ್ಚಿ ಆರಿಸಿದ ಹತ್ತು ಫೈಲುಗಳನ್ನು ತೆರೆಯುತ್ತೇವೆ. ಡಿಸ್ಕು ತಿರುಗಿತು ಎಂದರೆ ಸಾಲದು, ಫೋಟೋ ಕಾಣಬೇಕು, ಹಾಡು ಕೇಳಬೇಕು.

ಮೊದಲ ವರ್ಷವೇ ಒಂದು ಸೋತಿತು. ಚಿಕ್ಕಪ್ಪ 2003ರಲ್ಲಿ ಟೈಪು ಮಾಡಿಸಿದ್ದ ಮನೆತನದ ಚರಿತ್ರೆ. ಬೆರಳಚ್ಚು ಸರಿಯಾಗಿತ್ತು, ಒಂದು ಬಿಟ್ಟೂ ಕೆಟ್ಟಿರಲಿಲ್ಲ, ತೆರೆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ, ಡಾಲರ್ ಚಿಹ್ನೆಗಳ ಚೆಲ್ಲಾಪಿಲ್ಲಿ. ಯೂನಿಕೋಡ್ ಮನೆಮಾತಾಗುವ ಮೊದಲು ಕನ್ನಡವನ್ನು ಟೈಪು ಮಾಡುತ್ತಿದ್ದುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳಲ್ಲಿ. ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಅದು ಕನ್ನಡವೆಂದು ತಿಳಿಯುವುದೇ ಇಲ್ಲ. ನುಡಿ, ಬರಹ, ಶ್ರೀಲಿಪಿಗಳಲ್ಲಿ ಬರೆದ ಲೆಕ್ಕವಿಲ್ಲದಷ್ಟು ಕಡತಗಳು ಹೀಗೆ ಜೀವವಿದ್ದೂ ಮೂಕವಾಗಿ ಕುಳಿತಿವೆ. ನಮ್ಮದು ನುಡಿ. ಪರಿವರ್ತಕ ತಂತ್ರಾಂಶಕ್ಕೆ ಹಾಕಿ ಯೂನಿಕೋಡ್ ಮಾಡಿಸಿದೆ. ಒತ್ತಕ್ಷರಗಳು ಅಲ್ಲಲ್ಲಿ ಜಾಗ ಬಿಟ್ಟಿದ್ದವು, ಚಿಕ್ಕಪ್ಪನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿದೆ. ಮೂರನೆಯ ಪುಟದಲ್ಲಿ ಅಜ್ಜಿ ಹೇಳುತ್ತಿದ್ದ ಪಾಡ್ದನದ ಹನ್ನೊಂದು ಸಾಲುಗಳಿದ್ದವು. ಕನ್ನಡ ಲಿಪಿಯಲ್ಲಿ ಬರೆದ ತುಳು. ಅದರ ರಾಗ ಚಿಕ್ಕಪ್ಪನಿಗೆ ಅರ್ಧ ನೆನಪಿತ್ತು. ಮೊಬೈಲು ಮುಂದೆ ಹಿಡಿದೆ, ಹಾಡಿದರು. ರಾತ್ರಿಯೇ ಅತ್ತೆಗೆ ಕಳಿಸಿದೆ, ಫೈಲು ದೊಡ್ಡದಾಗಿದ್ದರೂ.