ಖುಲಾಸೆ ಆಯ್ತು, ಸರಿ. ನೌಕರಿ ಫಾರಂನ ಕ್ರಿಮಿನಲ್ ಕೇಸಿನ ಕಾಲಂನಲ್ಲಿ ‘ಇಲ್ಲ’ ಅಂತ ಯಾಕೆ ಬರೆದಿರಿ?

ಖುಲಾಸೆ ಆದ ದಿನ ಕಕ್ಷಿದಾರರು ಸ್ವೀಟ್ ಬಾಕ್ಸ್ ಹಿಡಿದು ಬರುತ್ತಾರೆ. ತೀರ್ಪಿನ ಸರ್ಟಿಫೈಡ್ ಕಾಪಿಗೆ, ಅಂದರೆ ಕೋರ್ಟೇ ದೃಢೀಕರಿಸಿ ಕೊಡುವ ಪ್ರತಿಗೆ, ಅರ್ಜಿ ಹಾಕಿ ಅಂದರೆ ಮಾತ್ರ, ‘ಇನ್ಯಾಕೆ ಸಾರ್, ಕೇಸೇ ಮುಗೀತಲ್ಲ’ ಅನ್ನುತ್ತಾರೆ. ಮುಗಿದದ್ದು ನಿಜ. ಇರಲೇ ಇಲ್ಲ ಅಂತ ಆಗಲಿಲ್ಲವಲ್ಲ!

ಆರೋಪ ಸಾಬೀತಾಗಲಿಲ್ಲ, ನೀವು ಅಪರಾಧಿಯಲ್ಲ. ಖುಲಾಸೆ ಹೇಳುವುದು ಇಷ್ಟು. ಎಫ್‌ಐಆರ್ ದಾಖಲಾಗಿದ್ದು, ಚಾರ್ಜ್‌ಶೀಟ್ ಹಾಕಿದ್ದು, ನೀವು ವಾಯಿದೆಗೆ ಅಲೆದದ್ದು ಯಾವುದೂ ಅಳಿಸಿಹೋಗುವುದಿಲ್ಲ. ನೌಕರಿಯ ಫಾರಂನಲ್ಲಿ ‘ನಿಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಕೇಸು ದಾಖಲಾಗಿತ್ತೇ’ ಅಂತ ಕೇಳಿದ್ದರೆ ಉತ್ತರ ‘ಹೌದು’. ಖುಲಾಸೆ ಆಗಿದ್ದರೂ ‘ಹೌದು’. ರಾಜಿ ಆಗಿದ್ದರೂ ‘ಹೌದು’. ಕೋರ್ಟಿನಲ್ಲಿ ಆದ ರಾಜಿಯೂ ಕಾನೂನಿನ ಲೆಕ್ಕದಲ್ಲಿ ಖುಲಾಸೆಯೇ.

ಬದುವಿನ ಜಗಳದಲ್ಲಿ ಸಿಕ್ಕಿಕೊಂಡಿದ್ದ ಹುಡುಗನೊಬ್ಬ ಹೀಗೇ ರಾಜಿಯಲ್ಲಿ ಹೊರಬಂದ. ಆಮೇಲೆ ಕಾನ್‌ಸ್ಟೇಬಲ್ ಹುದ್ದೆಗೆ ಆಯ್ಕೆಯಾದ. ಫಾರಂ ತುಂಬುವಾಗ ಸೋದರಮಾವನ ಸಲಹೆ: ‘ಅದೆಲ್ಲ ಯಾಕೋ, ಸುಮ್ನೆ ಇಲ್ಲ ಅಂತ ಹಾಕು.’ ದುಂಡಗೆ ‘ಇಲ್ಲ’ ಅಂತ ಬರೆದ. ಪೊಲೀಸ್ ವೆರಿಫಿಕೇಶನ್‌ನಲ್ಲಿ ಠಾಣೆಯ ದಾಖಲೆ ಸಿಕ್ಕಿತು. ನೋಟಿಸ್ ಬಂತು. ಜಗಳದ ಬಗ್ಗೆ ಅದರಲ್ಲಿ ಹೆಚ್ಚೇನೂ ಇರಲಿಲ್ಲ, ಇದ್ದದ್ದೆಲ್ಲ ಮುಚ್ಚಿಟ್ಟದ್ದರ ಬಗ್ಗೆ. ಉತ್ತರ ಬರೆಸಲು ನನ್ನ ಆಫೀಸಿಗೆ ಬಂದಾಗ ಮಾವ ಜೊತೆಯಲ್ಲಿರಲಿಲ್ಲ ಅನ್ನಿ.

2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೆಲ್ಲ ಬಿಡಿಸಿ ಹೇಳಿದೆ. ಬಂಧನ, ಬಾಕಿ ಕೇಸು, ಶಿಕ್ಷೆ, ಖುಲಾಸೆ, ಯಾವುದನ್ನು ಕೇಳಿದರೂ ನಿಜ ಹೇಳಬೇಕು. ಕೇಸು ತೀರಾ ಸಣ್ಣದಾಗಿದ್ದರೆ ಮುಚ್ಚಿಟ್ಟದ್ದನ್ನು ಇಲಾಖೆ ಮನ್ನಿಸಬಹುದು, ಮನ್ನಿಸಲೇಬೇಕು ಅಂತಿಲ್ಲ. ನಿಜ ಹೇಳಿದವರಿಗೆ ಕೆಲಸ ಗ್ಯಾರಂಟಿ ಅಂತಲೂ ಇಲ್ಲ. ಗಂಭೀರ ಆರೋಪದಲ್ಲಿ ತಾಂತ್ರಿಕ ಕಾರಣಕ್ಕೋ ಸಂದೇಹದ ಲಾಭದಲ್ಲೋ (ಆರೋಪ ಸಂದೇಹಕ್ಕೆ ಎಡೆಯಿಲ್ಲದಂತೆ ಸಾಬೀತಾಗದೆ) ಖುಲಾಸೆ ಆಗಿದ್ದರೆ ಇಲಾಖೆ ಹಿನ್ನೆಲೆ ನೋಡಿಯೇ ತೀರ್ಮಾನಿಸುತ್ತದೆ. ಆದರೂ ನಿಜ ಹೇಳಿದವರ ಪರವಾಗಿ ವಾದಿಸಲು ನಮಗೆ ಏನಾದರೂ ಉಳಿದಿರುತ್ತದೆ.

ಒಂದು ಎಚ್ಚರಿಕೆ. ಕೆಲವು ಫಾರಂಗಳು ಶಿಕ್ಷೆ ಆಗಿದೆಯೇ ಅಂತ ಮಾತ್ರ ಕೇಳುತ್ತವೆ. ಅಲ್ಲಿ ಖುಲಾಸೆಯಾದವರ ‘ಇಲ್ಲ’ ಸರಿಯಾದ ಉತ್ತರವೇ. ಕೇಳದೇ ಇದ್ದದ್ದನ್ನು ಹೇಳಬೇಕಾಗಿಲ್ಲ. ಹಾಗಾಗಿ ಪ್ರಶ್ನೆಯನ್ನು ಪೂರ್ತಿ ಓದಿ. ಅರ್ಥವಾಗದಿದ್ದರೆ ಫಾರಂ ಕೊಡುವ ಮುಂಚೆಯೇ ವಕೀಲರಿಗೆ ತೋರಿಸಿ. ‘ಹೌದು’ ಅಂತ ಬರೆದಲ್ಲಿ ಕೇಸ್ ನಂಬರ್, ಕೋರ್ಟು, ತೀರ್ಪಿನ ದಿನಾಂಕ, ‘ಖುಲಾಸೆಯಾಗಿದೆ’ ಇಷ್ಟನ್ನೂ ಬರೆದು ಆ ಸರ್ಟಿಫೈಡ್ ಕಾಪಿಯ ಜೆರಾಕ್ಸ್ ಲಗತ್ತಿಸಿ. ಅಸಲು ಮನೆಯಲ್ಲಿರಲಿ.