ಅರಫಾತ್ ಬಯಲಿನಲ್ಲಿ ನೆರಳು ಯಾರಿಗೆ?

‘ಹಜ್ ಅಂದರೆ ಅರಫಾತ್’ ಎಂದಿದ್ದಾರೆ ಪ್ರವಾದಿ ಮುಹಮ್ಮದರು. ಇಸ್ಲಾಮೀ ಕ್ಯಾಲೆಂಡರ್‌ನ ಕೊನೆಯ ತಿಂಗಳಾದ ಜುಲ್ ಹಿಜ್ಜಾದ 9ನೇ ದಿನ ಅಲ್ಲಿ ನಿಲ್ಲದಿದ್ದರೆ ಹಜ್ ಆಗುವುದೇ ಇಲ್ಲ. ಮಕ್ಕಾದಿಂದ ಸುಮಾರು 20 ಕಿ.ಮೀ. ದೂರದ ಈ ಬಯಲಿನಲ್ಲಿ 70 ಮೀಟರ್‌ನಷ್ಟು ಎತ್ತರದ ಕಲ್ಲುಗುಡ್ಡವೊಂದಿದೆ. ಅದೇ ಜಬಲ್ ಅರ್‌ರಹ್ಮಾ, ಕರುಣೆಯ ಬೆಟ್ಟ. ಹಾಜಿಗಳು ಮಧ್ಯಾಹ್ನದಿಂದ ಸೂರ್ಯ ಮುಳುಗುವವರೆಗೆ ಇಲ್ಲಿ ದುಆ (ಪ್ರಾರ್ಥನೆ) ಮಾಡುತ್ತಾರೆ. ಬಿಸಿಲು ಜಾಸ್ತಿ ಸುಡುವ ಹೊತ್ತೂ ಅದೇ. ಇಹ್ರಾಮ್ (ಹಜ್‌ನ ಹೊಲಿಗೆಯಿಲ್ಲದ ಬಿಳಿ ಬಟ್ಟೆ) ತೊಟ್ಟ ಗಂಡಸರು ಟೋಪಿ, ರುಮಾಲು ಹಾಕುವಂತಿಲ್ಲ. ಛತ್ರಿ ಹಿಡಿಯಬಹುದು, ಅಷ್ಟೇ.

632ರಲ್ಲಿ ಪ್ರವಾದಿಯವರು ತಮ್ಮ ವಿದಾಯದ ಹಜ್‌ನಲ್ಲಿ ಬೆಟ್ಟದ ಬುಡದ ಬಂಡೆಗಳ ಬಳಿ, ಒಂಟೆಯ ಮೇಲೆ ಕೂತು ಪ್ರಾರ್ಥಿಸಿದರು. ಬೆಟ್ಟ ಹತ್ತಲಿಲ್ಲ. ಅರಫಾತ್ ಪೂರ್ತಿ ನಿಲ್ಲುವ ಜಾಗವೇ ಎಂದೂ ಹೇಳಿದರು. ಹಾಗಾಗಿ ಮೇಲೆ ಹತ್ತಲೇಬೇಕು ಅಂತೇನಿಲ್ಲ. ಆದರೂ ಆ ದಿನ ಬೆಳಗಾಗುವ ಮೊದಲೇ ಗುಡ್ಡ ಜನರಿಂದ ತುಂಬಿ ಬೆಳ್ಳಗಾಗುತ್ತದೆ. ಭಕ್ತಿಗೆ ಯಾರು ತಾನೇ ಬೇಡ ಅನ್ನಲಾದೀತು?

ಮೊದಲು ಕಾಡಿದ್ದು ನೀರು. ಖಲೀಫ ಹಾರೂನ್ ಅಲ್ ರಶೀದ್‌ನ ಹೆಂಡತಿ ಜುಬೈದಾ, ಸುಮಾರು 1,200 ವರ್ಷದ ಹಿಂದೆ, ನುಅಮಾನ್ ಕಣಿವೆಯಿಂದ ಅರಫಾತ್‌ಗೆ ಕಾಲುವೆ ಕಟ್ಟಿಸಿದಳು. ಬೆಟ್ಟದ ಬುಡವನ್ನು ಬಳಸಿ ಹೋಗುವ ಆ ಕಲ್ಲಿನ ಕಾಲುವೆ ಈಗಲೂ ಕಾಣುತ್ತದೆ. ಅದು ಹಾಳಾಗಿದ್ದಾಗ 16ನೇ ಶತಮಾನದಲ್ಲಿ ದುರಸ್ತಿಗೆ ದುಡ್ಡು ಕೊಟ್ಟವಳೂ ಒಬ್ಬ ಹೆಣ್ಣುಮಗಳೇ, ಆಟೊಮನ್ ಸುಲ್ತಾನ್ ಸುಲೈಮಾನ್‌ನ ಮಗಳು ಮಿಹ್ರಿಮಾ. ಲೆಕ್ಕವಿಲ್ಲದಷ್ಟು ಬಡ ಹಾಜಿಗಳ ಬಾಯಾರಿಕೆ ತೀರಿಸಿದ ಈ ಇಬ್ಬರ ಹೆಸರು ಇನ್ನೂ ಹೆಚ್ಚು ಜನರಿಗೆ ತಿಳಿಯಬೇಕು.

ನೆರಳು ಬಂದಿದ್ದು ಬಹಳ ತಡವಾಗಿ. 1980ರ ದಶಕದಲ್ಲಿ ಇಲ್ಲಿ ಸುಮಾರು 50 ಸಾವಿರ ಬೇವಿನ ಗಿಡ ನೆಟ್ಟರು. ಹೌದು, ನಮ್ಮ ಯುಗಾದಿಯ ಬೇವೇ. ಕಡಿಮೆ ನೀರಲ್ಲೂ ಬದುಕುತ್ತದೆ, ದಟ್ಟ ನೆರಳು ಕೊಡುತ್ತದೆ. ಆಮೇಲೆ ತಂಪು ಹನಿ ಚಿಮ್ಮುವ ಕಂಬಗಳು, ಎಸಿ ಡೇರೆಗಳು, 2010ರಲ್ಲಿ ಮೆಟ್ರೊ ಬಂದವು.

ಇಷ್ಟೆಲ್ಲ ಇದ್ದೂ 2024ರ ಜೂನ್‌ನ ಹಜ್‌ನಲ್ಲಿ 1,301 ಜನ ಸತ್ತರು. ಮಕ್ಕಾದಲ್ಲಿ ಬಿಸಿಲು 51 ಡಿಗ್ರಿ ದಾಟಿತ್ತು. ಸತ್ತವರಲ್ಲಿ ಶೇ 83ರಷ್ಟು ಮಂದಿ ಪರವಾನಗಿ ಇಲ್ಲದೆ ಬಂದವರು ಎಂದು ಸೌದಿ ಸರ್ಕಾರವೇ ಹೇಳಿತು. ಇದರ ಬೇರು ಇರುವುದು ಕೋಟಾದಲ್ಲಿ. ಜನ ಹೆಚ್ಚಾದಂತೆ 1980ರ ದಶಕದ ಕೊನೆಯಲ್ಲಿ, ಪ್ರತಿ ಸಾವಿರ ಮುಸ್ಲಿಮರಿಗೆ ಒಬ್ಬರಂತೆ ದೇಶಗಳಿಗೆ ಪಾಲು ಹಂಚಲಾಯಿತು. ಪಾಲು ಸಿಗದವರು, ಅಧಿಕೃತ ಯಾತ್ರೆಯ ಖರ್ಚು ಭರಿಸಲಾಗದವರು ಭೇಟಿ ವೀಸಾದಲ್ಲಿ ಬರುತ್ತಾರೆ. ಅವರಿಗೆ ಡೇರೆಯಿಲ್ಲ, ಬಸ್ಸಿಲ್ಲ. ಮೈಲುಗಟ್ಟಲೆ ಬಿಸಿಲಲ್ಲೇ ನಡೆಯಬೇಕು. ನಿಯಮ ಮುರಿದದ್ದು ನಿಜ. ಆದರೆ ಹನಿ ನೀರು, ಒಂದಿಷ್ಟು ನೆರಳು ಕೊಡುವಾಗ ಪರವಾನಗಿ ಕೇಳಬಾರದು ಅಲ್ವಾ?

ಚಾಂದ್ರಮಾನ ಕ್ಯಾಲೆಂಡರ್‌ನಿಂದಾಗಿ ಹಜ್ ಪ್ರತಿ ವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ. 2026ರಿಂದ ಅದು ವಸಂತದ ಕಡೆ, ಆಮೇಲೆ ಚಳಿಗಾಲದ ಕಡೆ ಹೋಗುತ್ತದೆ. ಸುಡುಬೇಸಿಗೆಯ ಹಜ್ ಮತ್ತೆ ಬರುವುದು 2040ರ ದಶಕದಲ್ಲಿ. ಕೋಟಾದ ಲೆಕ್ಕ ಸರಿಪಡಿಸಲು ಅಲ್ಲಿಯವರೆಗೆ ಸಮಯವಿದೆ.