ಚಿಕ್ಕಂದಿನಲ್ಲಿ ಒಗ್ಗುತ್ತಿದ್ದ ಹಾಲು ಈಗ ಯಾಕೆ ಒಗ್ಗುವುದಿಲ್ಲ?

ಪ್ರಶ್ನೆ: ಚಿಕ್ಕವನಿದ್ದಾಗ ದಿನಾ ಎರಡು ಹೊತ್ತು ಹಾಲು ಕುಡಿಯುತ್ತಿದ್ದೆ. ಈಗ ಮೂವತ್ತು ದಾಟಿದೆ. ಒಂದು ಲೋಟ ಕುಡಿದರೆ ಸಾಕು, ಹೊಟ್ಟೆ ಗುಡುಗುಡು ಅನ್ನುತ್ತದೆ. ಮೊಸರನ್ನಕ್ಕೆ ಮಾತ್ರ ಯಾವ ತಕರಾರೂ ಇಲ್ಲ. ನನ್ನ ಜೀನ್ ಏನಾದರೂ ಕೆಟ್ಟುಹೋಗಿದೆಯಾ?

ಉತ್ತರ: ಕೆಟ್ಟಿಲ್ಲ. ಹುಟ್ಟುವಾಗ ಇದ್ದ ಜೀನ್ ಈಗಲೂ ನಿಮ್ಮಲ್ಲಿ ಹಾಗೇ ಇದೆ. ಅದು ಹೆಚ್ಚುಕಮ್ಮಿ ಆಫ್ ಆಗಿದೆ, ಅಷ್ಟೇ.

ಹಾಲಿನಲ್ಲಿರುವ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಒಂದು ಲೋಟದಲ್ಲಿ ಸುಮಾರು 10 ಗ್ರಾಂ ಇರುತ್ತದೆ. ಅದನ್ನು ಇಡಿಯಾಗಿ ಹೀರಿಕೊಳ್ಳಲು ಕರುಳಿಗೆ ಆಗುವುದಿಲ್ಲ. ಲ್ಯಾಕ್ಟೇಸ್ ಎಂಬ ಕಿಣ್ವ ಮೊದಲು ಅದನ್ನು ಗ್ಲೂಕೋಸ್, ಗ್ಯಾಲಕ್ಟೋಸ್ ಎಂದು ಎರಡು ತುಂಡು ಮಾಡಬೇಕು. ತುಂಡಾಗದೆ ಉಳಿದದ್ದು ದೊಡ್ಡ ಕರುಳಿಗೆ ಜಾರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ, ನಿಮಗೆ ಗ್ಯಾಸು.

ಈ ಕಿಣ್ವದ ಜೀನ್ 2ನೇ ಕ್ರೋಮೋಸೋಮಿನಲ್ಲಿದೆ, ಹೆಸರು ಎಲ್‌ಸಿಟಿ. ನಿಮ್ಮ ಕಣ್ಣಿನ ಕೋಶದಲ್ಲೂ ಅದು ಇದೆ, ಚರ್ಮದ ಕೋಶದಲ್ಲೂ ಇದೆ. ಆದರೆ ಕೆಲಸ ಮಾಡುವುದು ಸಣ್ಣ ಕರುಳಿನ ಒಳಪದರದಲ್ಲಿ. ಯಾಕೆಂದರೆ ಜೀನ್ ತಾನಾಗಿಯೇ ಏನೂ ಮಾಡುವುದಿಲ್ಲ. ಕಿಣ್ವ ತಯಾರಾಗಬೇಕಾದರೆ ಮೊದಲು ಜೀನಿನ ನಕಲು ಬೇಕು, ಅದೇ ಆರ್‌ಎನ್‌ಎ. ಆ ನಕಲು ತೆಗೆಯುವ ಪಾಲಿಮರೇಸ್ ಎಂಬ ಕಿಣ್ವ ಬಂದು ಜೀನಿನ ಶುರುವಿನಲ್ಲಿ ಕೂರಬೇಕು. ಅದನ್ನು ಕರೆತಂದು ಕೂರಿಸಲು ಬೇರೆ ಪ್ರೊಟೀನುಗಳು ಬೇಕು. ಸಿಡಿಎಕ್ಸ್-2ನಂಥ ಪ್ರೊಟೀನು ಕರುಳಿನ ಕೋಶದಲ್ಲಿದೆ, ಕಣ್ಣಿನ ಕೋಶದಲ್ಲಿಲ್ಲ. ಕೋಶ ಯಾವುದು ಅನ್ನುವುದು ಹೀಗೆ ತೀರ್ಮಾನವಾಗುತ್ತದೆ: ಜೀನುಗಳೆಲ್ಲ ಎಲ್ಲ ಕಡೆ ಅವೇ, ಅವನ್ನು ಹಿಡಿಯುವ ಪ್ರೊಟೀನುಗಳು ಬೇರೆ ಬೇರೆ.

ಸರಿ, ಕರುಳಿನಲ್ಲೇ ಅದು ವಯಸ್ಸಾದಂತೆ ಯಾಕೆ ನಿಲ್ಲುತ್ತದೆ? ಇದರ ಸುಳಿವು ಸಿಕ್ಕಿದ್ದು 2002ರಲ್ಲಿ, ಫಿನ್‌ಲ್ಯಾಂಡಿನ ಕುಟುಂಬಗಳ ಡಿಎನ್‌ಎ ನೋಡುವಾಗ. ಹಾಲು ಒಗ್ಗುವವರಿಗೂ ಒಗ್ಗದವರಿಗೂ ಎಲ್‌ಸಿಟಿ ಜೀನಿನಲ್ಲಿ ವ್ಯತ್ಯಾಸ ಸಿಗಲಿಲ್ಲ. ಡಿಎನ್‌ಎ ಅಂದರೆ ಎ, ಸಿ, ಜಿ, ಟಿ ಎಂಬ ನಾಲ್ಕು ರಾಸಾಯನಿಕ ‘ಅಕ್ಷರ’ಗಳ ಉದ್ದನೆಯ ಸಾಲು. ವ್ಯತ್ಯಾಸ ಸಿಕ್ಕಿದ್ದು ಎಲ್‌ಸಿಟಿಗಿಂತ 13,910 ಅಕ್ಷರ ಹಿಂದೆ, ಅದೂ ಎಂಸಿಎಂ-6 ಎಂಬ ಬೇರೆಯದೇ ಜೀನಿನ ನಡುವೆ. ನಿಮ್ಮ ಹಾಲ್‌ನ ಲೈಟಿಗೆ ಸ್ವಿಚ್ಚು ಪಕ್ಕದ ಮನೆಯ ಗೋಡೆಯಲ್ಲಿದ್ದ ಹಾಗೆ! ಆ ಜಾಗದಲ್ಲಿ ಸಾಮಾನ್ಯವಾಗಿ ‘ಸಿ’ ಎಂಬ ಅಕ್ಷರ ಇರುತ್ತದೆ. ಕೆಲವರಲ್ಲಿ ‘ಟಿ’ ಇದೆ. ‘ಟಿ’ ಇದ್ದರೆ ಆಕ್ಟ್-1 ಎಂಬ ಪ್ರೊಟೀನು ಅಲ್ಲಿ ಗಟ್ಟಿಯಾಗಿ ಕೂರುತ್ತದೆ. ಡಿಎನ್‌ಎ ಎಳೆ ಬಾಗಿ, ಆ ದೂರದ ಜಾಗ ಜೀನಿನ ಶುರುವಿಗೆ ತಾಗುತ್ತದೆ. ಜೀನ್ ಜೀವನಪೂರ್ತಿ ಆನ್. ‘ಸಿ’ ಮಾತ್ರ ಇರುವವರಲ್ಲಿ ವಯಸ್ಸಾದಂತೆ ಆ ಭಾಗದ ಡಿಎನ್‌ಎಗೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪುಗಳು ಜಾಸ್ತಿ ಅಂಟಿಕೊಳ್ಳುತ್ತವೆ. ಲ್ಯಾಕ್ಟೇಸ್ ತಯಾರಿ ಮೆಲ್ಲಗೆ ಇಳಿಯುತ್ತದೆ. ಅಪ್ಪ, ಅಮ್ಮ ಇಬ್ಬರಲ್ಲಿ ಒಬ್ಬರಿಂದ ‘ಟಿ’ ಬಂದಿದ್ದರೂ ಸಾಕು, ಹಾಲು ಒಗ್ಗುತ್ತದೆ.

ಇದನ್ನು ಕಾಯಿಲೆ ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ. ಪ್ರಪಂಚದ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ನಿಮ್ಮ ಹಾಗೇ ಇದ್ದಾರೆ. ಬದಲಾದವರು ಹಾಲು ಒಗ್ಗುವವರು! ಭಾರತದಲ್ಲೂ ಇದೇ ‘ಟಿ’ ಇದೆ. ವಾಯವ್ಯದಲ್ಲಿ ಜಾಸ್ತಿ, ದಕ್ಷಿಣಕ್ಕೂ ಪೂರ್ವಕ್ಕೂ ಬಂದಂತೆ ಕಮ್ಮಿ. ನೀಲಗಿರಿಯಲ್ಲಿ ಎಮ್ಮೆ ಸಾಕುವ ತೋಡರಲ್ಲಿ ಮಾತ್ರ ದಕ್ಷಿಣದವರಾದರೂ ಜಾಸ್ತಿ. ಪೂರ್ವ ಆಫ್ರಿಕಾದ ದನಗಾಹಿಗಳಲ್ಲಿ ಅದೇ ಸ್ವಿಚ್ಚಿನ ಅಕ್ಕಪಕ್ಕದ ಬೇರೆ ಅಕ್ಷರಗಳು ಬದಲಾಗಿವೆ, ಫಲ ಮಾತ್ರ ಒಂದೇ.

‘ದಿನಾ ಕುಡಿ, ಅಭ್ಯಾಸ ಆಗುತ್ತೆ’ ಅಂತ ಮನೆಯಲ್ಲಿ ಹೇಳ್ತಾರಲ್ವಾ? ಹಾಲು ಕುಡಿದ ಮಾತ್ರಕ್ಕೆ ನಮ್ಮ ಜೀನ್ ಮತ್ತೆ ಆನ್ ಆಗುವುದಿಲ್ಲ. ಸ್ವಲ್ಪ ಹಗುರವಾದರೆ ಅದು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಒಗ್ಗಿಕೊಂಡದ್ದರಿಂದ. ಬ್ಯಾಕ್ಟೀರಿಯಾಗಳ ವ್ಯವಸ್ಥೆಯೇ ಬೇರೆ. ಕರುಳಿನಲ್ಲಿರುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾದಲ್ಲಿ ಲ್ಯಾಕ್ಟೋಸ್ ಒಡೆಯುವ ಜೀನಿನ ಮೇಲೆ ಒಂದು ಪ್ರೊಟೀನು ಅಡ್ಡ ಕೂತಿರುತ್ತದೆ. ಲ್ಯಾಕ್ಟೋಸ್ ಬಂದರೆ ಅದು ಜಾಗ ಬಿಡುತ್ತದೆ, ಜೀನ್ ಆನ್. ಲ್ಯಾಕ್ಟೋಸ್ ಮುಗಿದರೆ ಮತ್ತೆ ಆಫ್. ಫ್ರಾನ್ಸಿನ ವಿಜ್ಞಾನಿಗಳಾದ ಜಾಕೋಬ್ ಮತ್ತು ಮೊನೋ 1961ರಲ್ಲಿ ಇದನ್ನು ವಿವರಿಸಿದರು. 1965ರ ನೊಬೆಲ್ ಅವರಿಗೂ ಸಂದಿತು.

ಮೊಸರಿನ ಗುಟ್ಟೂ ಬ್ಯಾಕ್ಟೀರಿಯಾಗಳದ್ದೇ. ಹೆಪ್ಪು ಹಾಕಿದ ಮೇಲೆ ಅವು ಒಂದಿಷ್ಟು ಲ್ಯಾಕ್ಟೋಸನ್ನು ತಿಂದು ಹುಳಿ ಮಾಡುತ್ತವೆ. ಅವುಗಳ ಕಿಣ್ವ ನಿಮ್ಮ ಕರುಳಿಗೆ ಹೋದ ಮೇಲೂ ಕೆಲಸ ಮಾಡುತ್ತದೆ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆಂದೇ ಹೇಳಬೇಕು. ಕಾಫಿಗೆ ಬೆರೆಸುವಷ್ಟು ಹಾಲನ್ನು ಬಹಳ ಜನ ತಡೆದುಕೊಳ್ಳುತ್ತಾರೆ, ಸುಮ್ನೆ ಬಿಡುವ ಅಗತ್ಯವಿಲ್ಲ. ಆದರೆ ಹಾಲು ಬಿಟ್ಟ ಮೇಲೂ ಹೊಟ್ಟೆ ಕೆಡುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ಡಾಕ್ಟರಿಗೆ ತೋರಿಸಿ.